ಅಂಗೈಯಲ್ಲಿ ಕೇಳುತ್ತಿದ್ದ ಮಾವ

ಮಾವನ ಬಲ ಅಂಗೈ ಎಡದ್ದಕ್ಕಿಂತ ದಪ್ಪವಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಒಂದು ಗಂಟು, ಉಳಿದ ನಾಲ್ಕು ಬೆರಳುಗಳ ಬುಡದಲ್ಲಿ ಸಾಲಾಗಿ ಜಡ್ಡು, ಎಷ್ಟು ಸೋಪು ಹಾಕಿ ಉಜ್ಜಿದರೂ ರೇಖೆಗಳೊಳಗಿಂದ ಹೋಗದ ಕಪ್ಪು. ಶಾಸ್ತ್ರ ಹೇಳುವವನೊಬ್ಬ ಒಮ್ಮೆ ಆ ಕೈ ಹಿಡಿದು, “ರೇಖೆಗಳು ಏನು ಎದ್ದು ಕಾಣ್ತವೆ ಸ್ವಾಮಿ” ಎಂದನಂತೆ. “ಕಾಣ್ದೆ ಏನು, ಇಪ್ಪತ್ತೊರ್ಸದ ಗ್ರೀಸು” ಎಂದು ಮಾವ ಕೈ ಎಳೆದುಕೊಂಡನಂತೆ.

ಆ ಕೈಯನ್ನು ಅವನು ಸಿಕ್ಕಿದ್ದರ ಮೇಲೆಲ್ಲ ಇಡುತ್ತಿದ್ದ. ಕೊತ್ತತ್ತಿಯ ನಮ್ಮ ಮನೆಗೆ ಬಂದರೆ ಕಾಲು ತೊಳೆಯುವ ಮೊದಲೇ ಗದ್ದೆಯ ಪಂಪ್‌ಸೆಟ್ಟಿನ ಹತ್ತಿರ ಹೋಗಿ ಮೋಟಾರಿನ ಬೆನ್ನಿಗೆ ಅಂಗೈ ಒತ್ತಿ ನಿಲ್ಲುವನು. “ಬೇರಿಂಗು ಓಯ್ತಾ ಐತೆ. ಇನ್ನೊಂದು ತಿಂಗ್ಳು.” ಅಪ್ಪನಿಗೆ ಸಿಟ್ಟು ಬರುತ್ತಿತ್ತು. “ಬಂದೋನು ಒಂದ್ಲೋಟ ನೀರು ಕುಡಿಯದು ಬುಟ್ಟು ನಮ್ಮ ಮೋಟ್ರಿಗೆ ಸಾವು ಏಳ್ತಾನೆ” ಎನ್ನುವನು. ಮೋಟಾರು ಆಮೇಲೆ ಸುಟ್ಟುಹೋದದ್ದು ನಿಜ. ಸರಿಯಾಗಿ ಒಂದು ತಿಂಗಳಿಗೇ ಎಂದು ಅವ್ವ ಹೇಳುತ್ತಿದ್ದಳು. ಅವಳು ಅವನ ತಂಗಿ. ಆ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಅವನು ಬ್ಲಫ್ ಎಂಬ ಊರಿನ ಜಲವಿದ್ಯುತ್ ಕೇಂದ್ರದಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದ. ಊರಿನಲ್ಲಿ ನಮ್ಮ ಕಡೆಯವರಿಗೆಲ್ಲ ಅವನು ಕರೆಂಟು ಮಾವ. ದೀಪ ಹೋದರೆ ನನ್ನ ಜೊತೆಯ ಹುಡುಗರು, “ನಿಮ್ಮಾವ ನಿದ್ದೆ ಮಾಡ್ಬುಟ್ಟ ಕಣ್ಲಾ” ಎಂದು ಗೇಲಿ ಮಾಡುತ್ತಿದ್ದರು. ಬೇಸಿಗೆ ರಜೆಗೆ ನನ್ನನ್ನು ಅವನ ಕ್ವಾರ್ಟರ್ಸಿಗೆ ಕಳಿಸುತ್ತಿದ್ದರು. ಅಲ್ಲಿ ಹಗಲಿರುಳೂ ನೆಲದೊಳಗಿಂದ ಒಂದು ಸದ್ದು ಬರುತ್ತಿತ್ತು ಎಂದು ನನಗೆ ನೆನಪು. ಚೊಂಬಿನ ನೀರು ನಡುಗುತ್ತಿತ್ತು ಎಂದೂ ನೆನಪು. ದೊಡ್ಡವನಾದ ಮೇಲೆ ಒಮ್ಮೆ ಹೋಗಿ ಅದೇ ಸಾಲಿನ ಮನೆಗಳ ಮುಂದೆ ನಿಂತೆ. ನನಗೆ ಕೇಳಿಸಿದ್ದು ಗಾಳಿ ಮತ್ತು ದೂರದ ನೀರು, ಅಷ್ಟೆ. ಹಾಗಾಗಿ ಮುಂದೆ ಹೇಳುವುದನ್ನೆಲ್ಲ ಈ ಚೊಂಬಿನ ನೀರಿನ ಹಾಗೆ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ನಾನೂ ಹಾಗೆಯೇ ನೋಡುತ್ತಿದ್ದೇನೆ.

ಮಾವನಿಗೆ ಕಿವಿ ಮಂದ. ಯಂತ್ರದ ಸದ್ದಿಗೆ ಹೋಯಿತೇನೋ ಎಂದು ಯಾರಾದರೂ ಮರುಗಿದರೆ ಒಪ್ಪುತ್ತಿರಲಿಲ್ಲ. “ನಮ್ಮಪ್ಪಂಗೂ ಕೇಳ್ತಿರ್ಲಿಲ್ಲ. ಅವನೇನು ಮಿಸೀನು ನೋಡಿದ್ನಾ? ಎತ್ತು ನೋಡಿದ್ದ” ಎನ್ನುವನು. ಮನೆಯವರು ಮಾತಾಡುವಾಗ ಅವರ ಹೆಗಲ ಮೇಲೆ ಕೈ ಇಟ್ಟು ಬಾಯಿ ನೋಡುತ್ತಿದ್ದ. ಯಾರಾದರೂ ಅವನ ಕಿವಿಯ ಹತ್ತಿರ ಕೂಗಿದರೆ, “ಕೂಗ್ಬ್ಯಾಡ, ಮೆತ್ತಗೆ ಏಳು” ಎಂದು ಗದರುತ್ತಿದ್ದ.

ಕೈ ಹೋಗದ ಜಾಗಕ್ಕೆ ಅವನ ಹತ್ತಿರ ಉದ್ದನೆಯ ಒಂದು ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಯಂತ್ರಕ್ಕೆ ತಾಗಿಸಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವುದು ಅವನ ಕ್ರಮ. ನನಗೂ ಕಲಿಸಿದ್ದ. ಗೋಡೆ ಗಡಿಯಾರಕ್ಕೆ ತಾಗಿಸಿ ಹಿಡಿಯನ್ನು ನನ್ನ ಕಿವಿಯ ಹಿಂದೆ ಒತ್ತಿದಾಗ ಗಡಿಯಾರ ನನ್ನ ತಲೆಬುರುಡೆಯ ಒಳಗೆ ಹೊಡೆದುಕೊಂಡಿತು. “ಕಿವಿ ಸುಳ್ ಏಳ್ತದೆ ಕಣ್ಲಾ ಅಳೀಮಯ್ಯ. ಮೂಳೆ ಏಳಲ್ಲ” ಎಂದ. ಈ ನೆನಪನ್ನು ಮಾತ್ರ ನಾನು ಅನುಮಾನಿಸುವುದಿಲ್ಲ. ಯಾಕೆಂದರೆ ಮೊನ್ನೆ ಮೊನ್ನೆ ಮನೆಯಲ್ಲಿ ಮತ್ತೆ ಮಾಡಿ ನೋಡಿದ್ದೇನೆ.

ಕ್ವಾರ್ಟರ್ಸಿನ ಯಾವ ಮನೆಯಲ್ಲಿ ಕೂಸು ಹಟ ಹಿಡಿದು ಅತ್ತರೂ ಮಾವನಿಗೆ ಕರೆ ಬರುತ್ತಿತ್ತು. ಹೋಗಿ ಎತ್ತಿ ಎದೆಗೆ ಹಾಕಿಕೊಂಡು, ಬೆನ್ನ ಮೇಲೆ ಆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವನು. ಆಮೇಲೆ ತೀರ್ಪು. “ಗಾಳಿ ತುಂಬ್ಕಂಡೈತೆ.” “ಅಸಿವು ಕಣಮ್ಮ, ಆಲು ಸಾಲ್ತಾ ಇಲ್ಲ.” ಒಮ್ಮೊಮ್ಮೆ, “ಇದ್ಕೇನೂ ಆಗಿಲ್ಲ, ಸುಮ್ನೆ ಕೊಬ್ಬು.” ತೀರ್ಪಿನ ನಂತರ ಬಾಯಿ ಮುಚ್ಚಿಕೊಂಡು ಎದೆಯೊಳಗಿಂದ ಯಂತ್ರದ ಹಾಗೆ ಒಂದು ಸದ್ದು ತೆಗೆಯುವನು. ಗುಂಯ್. ಉಸಿರು ಎಲ್ಲಿ ತೆಗೆದುಕೊಳ್ಳುತ್ತಿದ್ದನೋ ತಿಳಿಯದು, ನಡುವೆ ಕಡಿಯುತ್ತಲೇ ಇರಲಿಲ್ಲ. ಕೂಸು ಮಲಗುತ್ತಿತ್ತು. ನಮ್ಮ ಮನೆಗಳಲ್ಲಿ ಇವತ್ತಿಗೂ ಮಗು ಮಲಗಿಸುವುದಕ್ಕೆ ಗುಂಯ್ ಕೊಡುವುದು ಎನ್ನುತ್ತಾರೆ.

ಅವನದೊಂದು ಕತೆಯಿತ್ತು. ನಾನು ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಬ್ಬಕ್ಕೆ ಬಂದಾಗ, ನನ್ನ ಕಿವಿ ಚುಚ್ಚಿಸಲು ತೊಡೆಯ ಮೇಲೆ ಕೂರಿಸಿಕೊಂಡಾಗ, ಸುಮ್ಮನೆ ಜಗಲಿಯ ಮೇಲೆ ಕೂತಾಗ.

“ಅವತ್ತು ಮಿಸೀನು ನಿಂತೋಯ್ತು ಕಣ್ಲಾ” ಎಂದು ಶುರು ಮಾಡುವನು. “ಮಟಮಟ ಮಧ್ಯಾನ. ಬ್ಲಫ್‌ಗೆ ಬ್ಲಫ್ಫೇ ಗಪ್‌ಚಿಪ್. ಕ್ವಾರ್ಟರ್ಸ್ ಲೈನಿನಲ್ಲಿರೋ ಕೂಸ್ಗಳೆಲ್ಲ ಒಂದೇ ಸಲ ಎದ್ಬುಟ್ವು. ಉಟ್ಟಿದಾಗಿಂದ್ಲೂ ಆ ಗುಂಯ್‌ನಲ್ಲೇ ಮಲಗಿದ್ವಲ್ಲ, ಸದ್ದು ನಿಂತಿದ್ದೇ ಅವಕ್ಕೆ ಸದ್ದಾಗೋಯ್ತು. ನೀನು ಆರು ತಿಂಗ್ಳೋನು. ನಿಮ್ಮವ್ವ ಬಂದಿದ್ಲು. ನಿನ್ನ ಎದೆ ಮ್ಯಾಲೆ ಆಕ್ಕಂಡು ನಾನೇ ಗುಂಯ್ ಅಂದೆ. ಒಂದು ಗಳಿಗೆ ನಿಲ್ಲಿಸ್ಲಿಲ್ಲ.”

ಇಲ್ಲಿ ಪ್ರತಿ ಸಲವೂ ತಡೆದು ನನ್ನ ಬೆನ್ನ ಮೇಲೆ ಕೈ ಇಡುವನು.

“ಆಮೇಕೆ ಮತ್ತೆ ಸುರುವಾಯ್ತು.”

ಅಲ್ಲಿಗೆ ಕತೆ ಮುಗಿಯಿತು. ಮುಂದೆ ಒಂದು ಮಾತಿಲ್ಲ. ಕೇಳಿ ಕೇಳಿ ಅದು ನನ್ನ ನೆನಪೇ ಆಗಿಬಿಟ್ಟಿತ್ತು. ಖಾಕಿ ಅಂಗಿಯ ಗುಂಡಿಯೊಂದು ಕೆನ್ನೆಗೆ ಒತ್ತುವುದು, ಎಣ್ಣೆಯ ವಾಸನೆ, ಬೆನ್ನ ಮೇಲೆ ಭಾರವಾದ ಬಿಸಿ, ಹೊರಗೆಲ್ಲ ಮೌನವಿದ್ದು ಎದೆಯ ಮೂಳೆಯೊಳಗಿಂದ ಮಾತ್ರ ಬರುವ ಆ ಸದ್ದು. ನನ್ನ ಬದುಕಿನ ಮೊದಲ ನೆನಪು ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತಿದ್ದೆ.

ಆಮೇಲೆ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಲು ಹೋದೆ. ಅಷ್ಟು ಚಿಕ್ಕ ಮಗುವಿನ ನೆನಪು ದೊಡ್ಡವರಾಗುವವರೆಗೆ ಉಳಿಯುವುದಿಲ್ಲ, ಉಳಿದಿದೆ ಎಂದುಕೊಂಡದ್ದು ಬೇರೆಯವರ ಬಾಯಿಂದ ಕೇಳಿದ್ದು ಎಂದು ಅಲ್ಲಿ ಕಲಿತೆ. ಹೊಸದಾಗಿ ಕತ್ತಿ ಸಿಕ್ಕವನಿಗೆ ಕಂಡದ್ದೆಲ್ಲ ಬಾಳೆಯ ದಿಂಡು. ಆ ವರ್ಷ ರಜೆಗೆ ಊರಿಗೆ ಬಂದಿದ್ದಾಗ ನೆಂಟರೆಲ್ಲ ಜಗಲಿಯಲ್ಲಿ ಕೂತಿದ್ದರು. ಮಾವ ಕತೆ ಶುರು ಮಾಡಿದ. ನಾನು ನಡುವೆ ತಡೆದೆ.

“ಇದು ಆಗಿರಕ್ಕೆ ಸಾಧ್ಯ ಇಲ್ಲ ಮಾವ. ಅಲ್ಲಿರೋದು ಒಂದೇ ಮಿಷೀನಾ? ಎಲ್ಲಾನೂ ಒಟ್ಟಿಗೇ ನಿಲ್ಲಿಸ್ತಾರಾ? ಆರು ತಿಂಗಳ ಮಗೂಗೆ ಏನೂ ನೆನಪಿರಲ್ಲ. ನೀನು ಹೇಳಿ ಹೇಳಿ ನನ್ನ ತಲೆಗೆ ತುಂಬಿದ್ದೀಯ ಅಷ್ಟೆ.”

ಅವನ ಕೈ ನನ್ನ ಹೆಗಲ ಮೇಲಿತ್ತು. ಬಾಯಿ ನೋಡಿ ಅರ್ಥ ಮಾಡಿಕೊಂಡು ಕೈ ತೆಗೆದ. “ನಿನ್ ಯೂನಿವರ್ಸಿಟಿಗೆ ಕಿವಿ ಐತೆ ಕಣ್ಲಾ, ಕೈ ಇಲ್ಲ” ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ ಎಂದು ನನಗೆ ನೆನಪು, ಆದರೆ ನಗಲಿ ಎಂದು ನಾನು ಬಯಸಿದ್ದರಿಂದ ಹಾಗೆ ನೆನಪಿರಬಹುದು. ಆ ಕತೆಯನ್ನು ಅವನು ಮತ್ತೆ ಯಾವತ್ತೂ ಹೇಳಲಿಲ್ಲ. ಹೇಳುತ್ತಿಲ್ಲ ಎಂಬುದು ನನ್ನ ಗಮನಕ್ಕೆ ಬರಲು ಎಷ್ಟೋ ವರ್ಷ ಹಿಡಿಯಿತು.

ನಮಗೆ ಮಗಳು ಹುಟ್ಟಿದ್ದು ತಡವಾಗಿ. ಆ ಹೊತ್ತಿಗೆ ಮಾವ ನಿವೃತ್ತನಾಗಿ ಮಳವಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡಿದ್ದ. ಹಲಗೂರಿಗೆ ಕೊಟ್ಟಿದ್ದ ಅವನ ಮಗಳು ಭಾನುವಾರ ಭಾನುವಾರ ಬಂದು ನೋಡಿಕೊಂಡು ಹೋಗುತ್ತಿದ್ದಳು. ಮಾವನ ಕಿವಿ ಪೂರ್ತಿ ಹೋಗಿತ್ತು. ಸುದ್ದಿ ತಿಳಿದು ಅವನ ಹೆಂಡತಿ, ನನ್ನ ಅತ್ತೆ, ಫೋನು ಮಾಡಿದಳು. ಹಿಂದಿನಿಂದ, ಕಿವಿ ಕೇಳದವರು ಕೂಗುವ ಹಾಗೆ, ಮಾವನ ದನಿ: “ಮಗೀನ ತಂದು ಕೈಗೆ ಕೊಡು ಅನ್ನು. ಕೈಗೆ ಕೊಡು ಅನ್ನು.”

ಮೂರು ತಿಂಗಳಾಗಲಿ ಎಂದೆ. ಮೂರಾದ ಮೇಲೆ ಮಳೆ ಶುರುವಾಯಿತು. ಆಮೇಲೆ ಚುಚ್ಚುಮದ್ದು, ಶೀತ, ನಾನು ಪಾಠ ಮಾಡುವ ಕಾಲೇಜಿನ ಪರೀಕ್ಷೆ. ಬಸ್ಸಿನ ಧೂಳು, ಕಂಡವರೆಲ್ಲ ಮಗುವನ್ನು ಮುಟ್ಟುವುದು, ಸೋಂಕು, ಇವುಗಳ ಬಗ್ಗೆ ನಾನು ಓದಿದ್ದು ಒಂದೆರಡಲ್ಲ. ಪ್ರತಿ ಫೋನಿನ ಹಿಂದೆಯೂ ಆ ಕೂಗು ಇರುತ್ತಿತ್ತು. ಐದನೆಯ ತಿಂಗಳಿನಲ್ಲಿ ಮಾವನ ಬಲಭಾಗಕ್ಕೆ ಲಕ್ವ ಹೊಡೆಯಿತು.

ಆಸ್ಪತ್ರೆಗೆ ಒಬ್ಬನೇ ಹೋಗಿ ನೋಡಿಬಂದೆ. ಜೀವಕ್ಕೆ ಅಪಾಯವಿರಲಿಲ್ಲ, ಕೆಲವು ವಾರಗಳಲ್ಲಿ ಗೋಡೆ ಹಿಡಿದು ನಡೆದ, ಮಾತೂ ಬಂತು. ಬಲ ಅಂಗೈಗೆ ಮಾತ್ರ ಸ್ಪರ್ಶ ತಿರುಗಿ ಬರಲಿಲ್ಲ. ಆಮೇಲೆ ಅತ್ತೆ ಫೋನು ಮಾಡಿದಾಗ ಹಿಂದಿನ ಕೂಗು ಇರಲಿಲ್ಲ. ಮಾವ ಮಗುವನ್ನು ಕೇಳುವುದನ್ನೇ ಬಿಟ್ಟಿದ್ದ. ನಾನು ಇಷ್ಟು ದಿನ ಮುಂದಕ್ಕೆ ಹಾಕಿದ್ದು ಏನನ್ನು ಎಂದು ನನಗೆ ತಿಳಿದದ್ದು ಆಗ.

ಮಗಳಿಗೆ ಏಳು ತಿಂಗಳಾಗಿತ್ತು. ಹೆಂಡತಿ ಶಾಲೆಯಲ್ಲಿ ಟೀಚರು, ಅವಳಿಗೆ ಆ ಶನಿವಾರ ತರಬೇತಿಯಿತ್ತು. “ಬರೋ ವಾರ ಒಟ್ಟಿಗೆ ಹೋಗೋಣ ರೀ” ಎಂದಳು. ಇನ್ನೊಂದು ಬರೋ ವಾರ ಬೇಡ ಎಂದೆ. ಅವಳು ನನ್ನ ಮುಖ ನೋಡಿದಳು. ಚೀಲಕ್ಕೆ ಫ್ಲಾಸ್ಕು, ಹಾಲಿನ ಬಾಟಲಿ, ಎಂಟು ಬಟ್ಟೆ, ರಾಗಿ ಸರಿಯ ಹಿಟ್ಟು ತುಂಬಿ, ಯಾವುದು ಯಾವಾಗ ಎಂದು ಚೀಟಿ ಬರೆದುಕೊಟ್ಟಳು. ಮಗುವನ್ನು ನಾನೊಬ್ಬನೇ ಎತ್ತಿಕೊಂಡು ಊರು ದಾಟಿದ್ದು ಅದೇ ಮೊದಲು.

ಮಂಡ್ಯದಲ್ಲಿ ಮಳವಳ್ಳಿಯ ನೇರ ಬಸ್ಸು ತಪ್ಪಿತು. ಮದ್ದೂರಿಗೆ ಹೋಗಿ ಅಲ್ಲಿಂದ ಹಿಡಿಯೋಣ ಎಂದು ಹತ್ತಿದೆ. ಮದ್ದೂರಿನವರೆಗೆ ಮಗಳು ನನ್ನ ಎದೆಯ ಮೇಲೆ ನಿದ್ದೆ ಮಾಡಿದಳು. ನಾನು ಒಳ್ಳೆಯ ಅಪ್ಪ ಎನ್ನಿಸಿತು. ಅಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಒಬ್ಬ ಕಿಟಕಿಯೊಳಗೆ ತಲೆ ತೂರಿಸಿ “ವಡೆ ವಡೆ ವಡೇಯ್” ಎಂದ. ಎದ್ದಳು. ಎದ್ದವಳು ಅಳಲು ಶುರು ಮಾಡಿದಳು. ಬಾಟಲಿ ಕೊಟ್ಟೆ, ಅರ್ಧ ಕುಡಿದು ಉಗಿದಳು. ಕಿಟಕಿಯಾಚೆ ಕಬ್ಬು ತೋರಿಸಿದೆ. ಕಬ್ಬಿನ ಮೇಲೆ ಅವಳಿಗೆ ಆಸಕ್ತಿಯಿರಲಿಲ್ಲ.

ಕಂಡಕ್ಟರು ಬಂದು ಬಗ್ಗಿ ನೋಡಿದ. “ಎಣ್ಮಗಾನಾ? ಎಂಗಸ್ರಿಗೆ ಫ್ರೀ. ಆಧಾರ್ ಕಾರ್ಡ್ ತೋರ್ಸಕ್ಕೇಳಿ.”

ಪಕ್ಕದ ಸೀಟಿನ ಅಜ್ಜಿ ನಗಲಿಲ್ಲ. “ಅವರವ್ವ ಎಲ್ಲೋದ್ಲಪ್ಪ?”

“ಟ್ರೈನಿಂಗ್ ಇದೆ ಅಜ್ಜಿ.”

“ಕೂಸು ಬುಟ್ಟು ಅದೆಂಥ ಟ್ರೈನಿಂಗು?”

“ಸುಮ್ಕಿರಮ್ಮೋ” ಎಂದ ಕಂಡಕ್ಟರು. “ಟ್ರೈನಿಂಗು ಗಂಡಂಗೆ. ಕಾಣ್ತಾ ಇಲ್ವಾ?”

ನಾನು ಮಗಳ ಬೆನ್ನ ಮೇಲೆ ಕೈ ಇಟ್ಟು ಗುಂಯ್ ಎಂದೆ. ಮುಂದಿನ ಸೀಟಿನವನು ತಿರುಗಿ, “ಏನ್ ಸಾ ಅದು, ಮೋಟ್ರು ಸುರು ಮಾಡ್ತಿದೀರಾ?” ಎಂದ. ಮಗಳು ಇನ್ನೂ ಜೋರಾದಳು. “ಕೊಡಿಲ್ಲಿ” ಎಂದು ಅಜ್ಜಿ ಕೈ ಚಾಚಿದಳು. ನಾನು ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಈಗ ಕೇಳಿದರೆ ಹೇಳಲಾರೆ. ಮಾವನ ಕೈಗೆ ಮೊದಲು ಕೊಡಬೇಕು ಎಂದಿತ್ತೋ, ಬರೀ ಹಟವೋ.

ಮಳವಳ್ಳಿ ಹತ್ತಿರ ಬರುವಾಗ ಅಳು ತಾನಾಗಿ ನಿಂತಿತು. ನೆಮ್ಮದಿಯಾಯಿತು. ಒಂದೆರಡು ನಿಮಿಷ ಅಷ್ಟೆ. ಆಮೇಲೆ ನನ್ನ ಅಂಗೈಯನ್ನು ಗಮನಿಸಿದೆ. ಅದು ನಡುಗುತ್ತಿತ್ತು, ಬಸ್ಸಿನ ಇಂಜಿನ್ನಿಗೆ ಸೀಟು, ಕಿಟಕಿ, ನಾನು, ಮಗಳು ಎಲ್ಲ ನಡುಗುತ್ತಿದ್ದೆವು. ಆ ನಡುಕದೊಳಗೆ ಅವಳ ಉಸಿರು ಯಾವುದು, ಬಸ್ಸು ಯಾವುದು ಎಂದು ನನಗೆ ತಿಳಿಯಲಿಲ್ಲ. ಬಗ್ಗಿ ಅವಳ ಮೂಗಿನ ಹತ್ತಿರ ಕೆನ್ನೆ ಇಟ್ಟೆ. ಬೆಚ್ಚಗಿನ ಗಾಳಿ ತಾಗಿತು. ಇಷ್ಟು ಓದಿದವನು ಹೀಗೆ ಹೆದರಿದೆನಲ್ಲ ಎಂದು ನನ್ನ ಮೇಲೇ ನಗು ಬಂತು.

ಮಾವ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ತೊಡೆಯ ಮೇಲೆ ಟವೆಲು, ಟವೆಲಿನ ಕೆಳಗೆ ಬಲಗೈ. ಅತ್ತೆ ಕೆಂಪು ನೀರು ನಿವಾಳಿಸಿ ನಮ್ಮನ್ನು ಒಳಗೆ ಕರೆದುಕೊಂಡಳು. ನಾನು ನೇರ ಮಾವನ ಮುಂದೆ ಹೋಗಿ ಮಗಳನ್ನು ಚಾಚಿದೆ. ಅವನು ಅವಳನ್ನು ನೋಡಿದ, ತುಂಬ ಹೊತ್ತು ನೋಡಿದ. ಬಾಯಿ ಒಂದು ಕಡೆಗೆ ಸ್ವಲ್ಪ ಎಳೆದಿತ್ತು. ಕೈ ಟವೆಲಿನಿಂದ ಈಚೆ ಬರಲಿಲ್ಲ.

“ಬ್ಯಾಡ ಕಣ್ಲಾ. ಚಾಪೆ ಮ್ಯಾಲೆ ಮಲಗ್ಸು. ನೋಡ್ತೀನಿ.”

“ನಾನು ಹಿಡ್ಕೊತೀನಿ ಮಾವ, ನೀನು ಸುಮ್ನೆ...”

“ಬ್ಯಾಡ ಅಂದೆ.”

ಚಾಪೆಯ ಮೇಲೆ ಮಲಗಿಸಿದೆ. ಅವನು ಕುರ್ಚಿಯಿಂದಲೇ ನೋಡುತ್ತ ಕೂತ. ರಾಗಿ ಸರಿ ಮಾಡಿಸಲು ಹಿಟ್ಟು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ಕಲಕುತ್ತ ನಿಂತಳು.

“ಅಷ್ಟು ಸಲ ಕೇಳಿದೋನು, ಈಗ ಬೇಡ ಅಂತಾನಲ್ಲ ಅತ್ತೆ” ಎಂದೆ. “ನನ್ನ ಮೇಲೆ ಸಿಟ್ಟಾ?”

“ಸಿಟ್ಟಲ್ಲ ಕಣಪ್ಪ. ಎದ್ರಿಕೆ.”

“ಬೀಳಿಸ್ತೀನಿ ಅಂತಾನಾ?”

“ಬೀಳ್ಸೋದ್ಕಲ್ಲ. ಗೊತ್ತಾಗಲ್ಲ ಅಂತ.” ಅವಳು ಸ್ವಲ್ಪ ಹೊತ್ತು ಕಲಕಿದಳು. ನನ್ನ ಕಡೆ ತಿರುಗಲಿಲ್ಲ. “ಮಿಸೀನು ನಿಂತೋದ ಕತೆ ಏಳೋರಲ್ಲ ನಿಮ್ಮಾವ. ಅವತ್ತು ಮಿಸೀನು ನಿಂತಿರ್ಲಿಲ್ಲ ಕಣಪ್ಪ.”

ಒಂದು ಕ್ಷಣ, ಬರೀ ಒಂದು ಕ್ಷಣ, ನನಗೆ ಗೆದ್ದ ಹಾಗಾಯಿತು. ಇಷ್ಟು ವರ್ಷದ ಮೇಲೆ ನನ್ನದೇ ಸರಿಯಾಯಿತಲ್ಲ ಎಂದು. ಆ ಕ್ಷಣವನ್ನು ಮರೆಯಲು ಸಾಧ್ಯವಾಗಿದ್ದರೆ ಚೆನ್ನಾಗಿತ್ತು.

“ನಮ್ಗೆ ಮೊದಲ್ನೇದು ಗಂಡು” ಎಂದಳು ಅತ್ತೆ. “ಐದು ತಿಂಗ್ಳು ತುಂಬಿತ್ತು. ನೀನಿನ್ನೂ ನಿಮ್ಮವ್ವನ ಒಟ್ಟೇಲಿದ್ದೆ. ಜ್ವರ ಬಂತು. ಬೆಳಿಗ್ಗೆ ಬಸ್ಸತ್ಕಂಡು ಮಳವಳ್ಳಿಗೆ ತೋರ್ಸಕ್ಕೆ ಒಂಟೊ. ನಿಮ್ಮಾವ ಎದೆ ಮ್ಯಾಲೆ ಆಕ್ಕಂಡು, ಬೆನ್ ಮ್ಯಾಲೆ ಕೈ ಮಡಗಿ ಗುಂಯ್ ಅಂತಿದ್ರು. ಅಳ್ತಿತ್ತು, ನಿಂತ್ತು. ಮಲಗ್ತು ಅಂದ್ಕಂಡು ನಾನೂ ಕಿಟಕಿಗೆ ತಲೆ ಕೊಟ್ಟು ಕಣ್ ಮುಚ್ಬುಟ್ಟೆ. ಬಸ್ಸಿಳಿದ ಮ್ಯಾಕೆ ಏಳುದ್ರು, ಕೂಸು ಓಯ್ತು ಅಂತ.”

“ಮಾವಂಗೆ ದಾರೀಲೇ ಗೊತ್ತಾಗಿತ್ತಾ?”

“ಕೈಗೆ ಗೊತ್ತಾಗಿತ್ತಂತೆ. ನಾನು ಬಸ್ನಲ್ಲಿ ಎದೆ ಬಡ್ಕಂಡ್ರೆ ಅಂತ ಇಳಿಯೋಗಂಟ ಗುಂಯ್ ಅಂತಾನೇ ಇದ್ರು. ಬಸ್ಸೂ ಗುಂಯ್ ಅಂತಿತ್ತು. ನಂಗೇನು ಗೊತ್ತಾಯ್ತದೆ.”

ಸರಿ ಗಟ್ಟಿಯಾಗಿ ಪಾತ್ರೆಯ ತಳ ಹಿಡಿಯತೊಡಗಿತ್ತು. ಅವಳು ಒಲೆ ಆರಿಸಿದಳು. “ಆಮೇಕೆ ನೀನು ಉಟ್ದೆ. ನಿಮ್ಮವ್ವ ತಂದು ನಿನ್ನ ಅವ್ರ ಎದೆ ಮ್ಯಾಲೆ ಆಕುದ್ಲು. ಅವತ್ತಿಂದ ಆ ಕತೆ ಸುರುವಾಯ್ತು. ಮಿಸೀನು ನಿಂತ್ತಂತೆ, ಇವ್ರು ಗುಂಯ್ ಅಂದ್ರಂತೆ, ಮತ್ತೆ ಸುರುವಾಯ್ತಂತೆ. ಇಲ್ಲ ಅನ್ನಕ್ಕೆ ನಾನ್ಯಾಕೆ ಓಗ್ಲಿ? ಏಳ್ಕಂಡ್ರೆ ಏಳ್ಕಳ್ಲಿ ಅಂತಿದ್ದೆ.”

ಅವಳು ನನ್ನನ್ನು ದೂರಲಿಲ್ಲ. ಜಗಲಿಯ ಆ ದಿನ ಅವಳೂ ಅಲ್ಲಿದ್ದಳು.

ಆಗಿರಲು ಸಾಧ್ಯವಿಲ್ಲ ಎಂದು ನಾನು ಹೇಳಿದ್ದು ನಿಜವಾಗಿತ್ತು. ಹಾಗಾದರೆ ಆದದ್ದೇನು ಎಂದು ಕೇಳುವುದನ್ನು ಮಾತ್ರ ನನಗೆ ಯಾವ ಪಾಠವೂ ಕಲಿಸಿರಲಿಲ್ಲ.

ಹೊರಗೆ ಮಗಳು ಮತ್ತೆ ಅಳುತ್ತಿದ್ದಳು. ಮಾವನಿಗೆ ಕೇಳುತ್ತಿರಲಿಲ್ಲ, ಆದರೆ ಅವಳ ತೆರೆದ ಬಾಯಿ ಕಾಣುತ್ತಿತ್ತು. ಕುರ್ಚಿಯ ತುದಿಗೆ ಬಂದು ಬಗ್ಗಿ ಕೂತಿದ್ದ. ಕೈ ಟವೆಲಿನಡಿಯಲ್ಲೇ ಇತ್ತು. ನನ್ನನ್ನು ಕಂಡು, “ಕೈ ಕೆಲ್ಸ ಬುಟ್ಬುಡ್ತು ಕಣ್ಲಾ” ಎಂದ. “ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಗೊತ್ತೇ ಆಗಲ್ಲ.”

ಆಗ ನನಗೆ ಗೋಡೆ ಗಡಿಯಾರ ನೆನಪಾಯಿತು. ಅವನ ಮುಂದೆ ಮಂಡಿಯೂರಿ, ಬಾಯಿ ಕಾಣುವ ಹಾಗೆ ಹೇಳಿದೆ: “ಮಾವ, ಸ್ಕ್ರೂಡ್ರೈವರ್.”

“ಯಾಕ್ಲಾ? ಏನ್ ಕೆಟ್ಟೋಯ್ತು?”

ನಾನು ಮಗಳನ್ನು ಎತ್ತಿ, ಅವಳ ಎದೆಯನ್ನು ಅವನ ಎಡ ಕಿವಿಯ ಹಿಂದಿನ ಮೂಳೆಗೆ ತಂದು ಒತ್ತಿದೆ. ಅವನು ತಲೆ ಹಿಂದಕ್ಕೆ ಎಳೆದುಕೊಳ್ಳಲು ಹೋದ. ಆಮೇಲೆ ಎಳೆದುಕೊಳ್ಳಲಿಲ್ಲ. ಕಣ್ಣು ಮುಚ್ಚಿದ. ಹಿಂದೆ ಮೋಟಾರಿನ ಮುಂದೆ ನಿಲ್ಲುತ್ತಿದ್ದ ಹಾಗೆಯೇ ಹುಬ್ಬುಗಳ ನಡುವೆ ಒಂದು ಗೆರೆ ಬಂತು. ಅತ್ತೆ ಸರಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಗಳು ಅಳುತ್ತಲೇ ಅವನ ಕೂದಲು ಹಿಡಿದು ಎಳೆದಳು.

“ಓಡ್ತಾ ಐತೆ” ಎಂದ ಮಾವ.

ಸ್ವಲ್ಪ ತಡೆದು, “ಏನ್ ಓಟ ಇದು. ಕೂಸಿಂದು ಇಂಗೇ ಓಡ್ಬೇಕು. ಬೇರಿಂಗು ಸರಿಯೈತೆ” ಎಂದ.

ಇನ್ನೂ ಸ್ವಲ್ಪ ಒತ್ತಿಕೊಂಡು, ಕಣ್ಣು ಬಿಡದೆ, “ಗಾಳಿ ತುಂಬ್ಕಂಡೈತೆ. ಇಷ್ಟೊತ್ತು ಸುಮ್ನೆ ಅಳ್ಸಿದೀಯ. ತೇಗ್ಸು” ಎಂದ.

ಹೆಗಲಿಗೆ ಹಾಕಿಕೊಂಡು ತಟ್ಟಿದೆ. ದೊಡ್ಡ ಗಂಡಸಿನ ಹಾಗೆ ತೇಗಿ, ಮದ್ದೂರಿನ ಅರ್ಧ ಬಾಟಲಿ ಹಾಲನ್ನು ನನ್ನ ಅಂಗಿಯ ಮೇಲೆ ಕಕ್ಕಿದಳು. ಅತ್ತೆ ನಕ್ಕಳು. ಮಾವ ನಗಲಿಲ್ಲ, ಕೆಲಸದ ನಡುವೆ ಅವನು ನಗುತ್ತಿರಲಿಲ್ಲ. “ತಾ ಇಲ್ಲಿ” ಎಂದ. ಎಡಗೈ ಚಾಚಿದ್ದ. ಅವನ ಎದೆಯ ಮೇಲೆ ಮಲಗಿಸಿ ನಾನು ಒಂದು ಕಡೆ ಹಿಡಿದುಕೊಂಡೆ. ಎಡ ಅಂಗೈ ಅವಳ ಬೆನ್ನ ಮೇಲೆ ಕೂತಿತು. ಅದು ಹೊಸ ಕೆಲಸಗಾರನ ಹಾಗೆ ಅಲ್ಲಿಲ್ಲಿ ಸರಿದು ಜಾಗ ಹುಡುಕಿಕೊಂಡಿತು. ಆಮೇಲೆ ಸದ್ದು ಬಂತು. ನಾನು ಅವಳನ್ನು ಹಿಡಿದಿದ್ದರಿಂದ ಅವಳ ಮೈಯ ಮೂಲಕ ನನ್ನ ಬೆರಳಿಗೂ ಬಂತು.

ಅವಳು ಮಲಗಿದ ಮೇಲೆ ಹೇಳಿದೆ: “ಬಸ್ನಲ್ಲಿ ನಾನೂ ಗುಂಯ್ ಅಂದೆ ಮಾವ. ಆಗ್ಲಿಲ್ಲ.”

“ಎಲ್ಲಿಂದ ಅಂದೆ?”

ನಾನು ಗಂಟಲು ತೋರಿಸಿದೆ.

“ಅಲ್ಲಿಂದ ಅಂದ್ರೆ ಸೊಳ್ಳೆ ಆಯ್ತದೆ. ಎದೇಲಿ ಅನ್ಬೇಕು. ಅದು ಕೇಳ್ಲಿ ಅಂತಲ್ಲ ಕಣ್ಲಾ. ನೀನಿದೀಯ ಅಂತ ಗೊತ್ತಾಗ್ಲಿ ಅಂತ.”

ಈ ಮಾತು ಅವನು ಹೀಗೆಯೇ ಆಡಿದನೋ, ಆಮೇಲೆ ನಾನು ಪದ ಜೋಡಿಸಿಕೊಂಡೆನೋ. ಸೊಳ್ಳೆ ಎಂದದ್ದಂತೂ ಖಂಡಿತ.

ಅವನ ಹೆಗಲ ಮೇಲೆ ನಾನು ಕೈ ಇಟ್ಟೆ. ಅವನು ನನ್ನ ಬಾಯಿ ನೋಡಿದ. “ಮಾವ, ಮಿಷೀನು ನಿಂತ ಕತೆ ಹೇಳು.”

ಅವನ ನೋಟ ನನ್ನನ್ನು ದಾಟಿ ಬಾಗಿಲಲ್ಲಿದ್ದ ಅತ್ತೆಯ ಕಡೆ ಹೋಯಿತು, ತಿರುಗಿ ನನ್ನ ಕಡೆ ಬಂತು. ಅಡುಗೆಮನೆಯಲ್ಲಿ ಏನು ನಡೆದಿರಬಹುದು ಎಂದು ಅವನಿಗೆ ತಿಳಿಯಿತೆಂದು ನನಗನ್ನಿಸಿತು. ತಿಳಿಯದೆಯೂ ಇರಬಹುದು.

“ಅದು ಆಗಿರಲ್ಲ ಅಂದಿದ್ಯಲ್ಲ ನೀನು.”

“ತಪ್ಪು ಹೇಳಿದ್ದೆ ಮಾವ. ಹೇಳು.”

ಅವನು ಮಗಳ ತಲೆಯನ್ನು ನೋಡುತ್ತ ಕೂತ. ಆಮೇಲೆ ಆ ಎಳೆದ ಬಾಯಿಯಲ್ಲೇ, ನಿಧಾನವಾಗಿ, “ಅವತ್ತು ಮಿಸೀನು ನಿಂತೋಯ್ತು ಕಣ್ಲಾ” ಎಂದ. ಮಟಮಟ ಮಧ್ಯಾಹ್ನ, ಗಪ್‌ಚಿಪ್ ಆದ ಬ್ಲಫ್, ಒಂದೇ ಸಲ ಎದ್ದ ಕೂಸುಗಳು, ಎಲ್ಲ ಬಂತು. ಒಂದನ್ನೂ ಬಿಡಲಿಲ್ಲ. ಎದೆಯ ಮೇಲೆ ಹಾಕಿಕೊಂಡದ್ದು ಯಾರನ್ನು ಎಂದು ಮಾತ್ರ ಈ ಸಲ ಹೇಳಲಿಲ್ಲ. “ಕೂಸು” ಎಂದಷ್ಟೇ ಹೇಳಿದ. ಪ್ರತಿ ಸಲ ತಡೆಯುತ್ತಿದ್ದ ಜಾಗದಲ್ಲಿ ತಡೆದ. ಕೈ ಇಡಲು ನನ್ನ ಬೆನ್ನು ಬೇಕಾಗಿರಲಿಲ್ಲ, ಅದು ಆಗಲೇ ಮಗಳ ಬೆನ್ನ ಮೇಲಿತ್ತು.

“ಆಮೇಕೆ ಮತ್ತೆ ಸುರುವಾಯ್ತು” ಎಂದ.

ಅತ್ತೆ ಬಟ್ಟಲು ಹಿಡಿದುಕೊಂಡೇ ಒಳಗೆ ಹೋದಳು.

ಮಗಳಿಗೆ ವರ್ಷ ತುಂಬುವ ಮೊದಲೇ ಮಾವ ಹೋದ. ಅಷ್ಟರಲ್ಲಿ ಇನ್ನು ಮೂರು ಸಲ ಅವಳನ್ನು ಕರೆದುಕೊಂಡು ಹೋಗಿದ್ದೆ. ಎರಡು ಸಲ ಹೆಂಡತಿಯೂ ಬಂದಿದ್ದಳು. ಹೋದಾಗಲೆಲ್ಲ ಕಿವಿಯ ಹಿಂದೆ ಒತ್ತಿಸಿಕೊಂಡು, “ಓಡ್ತಾ ಐತೆ” ಎಂದು ಪಾಸು ಮಾಡುತ್ತಿದ್ದ. ಮಣ್ಣಿಗಿಡುವ ಮೊದಲು ಅವನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿದೆ. ಜಡ್ಡು ಮೆತ್ತಗಾಗಿತ್ತು. ರೇಖೆಗಳ ಕಪ್ಪು ಹಾಗೇ ಇತ್ತು.

ಕಾಲೇಜಿನಲ್ಲಿ ಪ್ರತಿ ವರ್ಷ ನೆನಪಿನ ಪಾಠ ಬರುತ್ತದೆ. ಸುಳ್ಳು ನೆನಪಿಗೆ ಉದಾಹರಣೆಯಾಗಿ ನನ್ನದೇ ಕತೆ ಹೇಳುತ್ತಿದ್ದೆ, ಹುಡುಗರು ನಗುತ್ತಿದ್ದರು. ಈಗ ಆ ಉದಾಹರಣೆ ಕೊಡುವುದಿಲ್ಲ. ಪಾಠವೇನೂ ತಪ್ಪಲ್ಲ. ಖಾಕಿ ಅಂಗಿಯ ಗುಂಡಿ ಮಾತ್ರ ಈಗಲೂ ನನ್ನ ಕೆನ್ನೆಗೆ ಒತ್ತುತ್ತದೆ. ಆ ನೆನಪು ಬೇರೆ ಯಾವುದೋ ಮಧ್ಯಾಹ್ನದ್ದಿರಬಹುದು, ಅಥವಾ ಆ ಮಳವಳ್ಳಿ ಬಸ್ಸಿನಲ್ಲಿದ್ದ ಕೂಸಿನದಿರಬಹುದು. ಯಾರದೇ ಆದರೂ ಹಿಂದಕ್ಕೆ ಕೊಡಲು ಈಗ ಯಾರೂ ಇಲ್ಲ, ನಾನೇ ಇಟ್ಟುಕೊಂಡಿದ್ದೇನೆ.

ಮಗಳಿಗೀಗ ಮೂರು ವರ್ಷ. ಅವಳಿಗೆ ಕತೆ ಹೇಳುತ್ತೇನೆ. ನೀನು ಬಸ್ಸಿನ ತುಂಬ ಅಳುತ್ತಿದ್ದೆ, ಮಾವಜ್ಜ ನಿನ್ನನ್ನು ಕಿವಿಯ ಹಿಂದೆ ಇಟ್ಟುಕೊಂಡು ಕೇಳಿದ, ನೀನು ತೇಗಿದೆ. “ನಂಗೆ ಗೊತ್ತು, ನಾನು ಕೂದ್ಲು ಎಳ್ದೆ” ಎನ್ನುತ್ತಾಳೆ. ಒಂದು ದಿನ ಅವಳೂ ಓದುತ್ತಾಳೆ. ಎಲ್ಲರೂ ಕೂತಿರುವಾಗ, ಅದು ನನಗೆ ನೆನಪಿರಲು ಸಾಧ್ಯವೇ ಇಲ್ಲ ಅಪ್ಪ ಎನ್ನುತ್ತಾಳೆ. ಹೇಳಲಿ, ಅವಳು ಹೇಳುವುದು ಸರಿಯೇ. ನಾನು ಅವಳ ಬೆನ್ನ ಮೇಲಿನ ಕೈ ತೆಗೆಯದೆ, ಮದ್ದೂರಿನ ವಡೆಯವನಿಂದ ಮತ್ತೆ ಶುರು ಮಾಡುತ್ತೇನೆ.